ನುಡಿವುದೆಲ್ಲ ಜೀವವಲ್ಲ



ಜೀವವೆಂದರೇನು, ಜಡವೆಂದರೇನು ಎಂಬ ಪ್ರಶ್ನೆ ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. ಆದರೆ ಅವರ ಕಾಲದಲ್ಲಿ ಜಡವು ಮೌನವಾಗಿತ್ತು, ಇಂದು ಮಾತನಾಡತೊಡಗಿದೆ. ಗಣಕಯಂತ್ರವು ನಾವು ಕೇಳಿದ್ದಕ್ಕೆ ಕನ್ನಡದಲ್ಲಿಯೇ ಉತ್ತರ ಕೊಡುತ್ತದೆ, ದುಃಖ ತೋಡಿಕೊಂಡವರಿಗೆ ಸಮಾಧಾನ ಹೇಳುತ್ತದೆ, ತನಗೂ ಭಾವನೆಗಳಿವೆಯೆಂದು ನುಡಿಯಲೂ ಬಲ್ಲದು. ಇದನ್ನು ಕಂಡ ಕೆಲವು ವಿದ್ಯಾವಂತರು, ಯಂತ್ರಕ್ಕೆ ಪ್ರಜ್ಞೆ ಬಂದಿದೆ, ಇನ್ನು ಅದನ್ನೂ ಜೀವಿಗಳ ಸಾಲಿನಲ್ಲಿ ಕೂರಿಸಿ ಹಕ್ಕುಗಳನ್ನು ಕೊಡಬೇಕು ಎಂದು ವಾದಿಸುತ್ತಿದ್ದಾರೆ. ಈ ವಾದವು ಮೇಲ್ನೋಟಕ್ಕೆ ಕರುಣೆಯಂತೆ ತೋರುತ್ತದೆ. ಅದು ನಿಜವಾದ ಕರುಣೆಯೇ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

2022ನೆಯ ಇಸವಿಯ ಜೂನ್ ತಿಂಗಳಲ್ಲಿ ಅಮೆರಿಕದ ಗೂಗಲ್ ಸಂಸ್ಥೆಯ ಎಂಜಿನಿಯರ್ ಬ್ಲೇಕ್ ಲೆಮೋಯ್ನ್ ಎಂಬವರು, ಆ ಸಂಸ್ಥೆಯ ಲ್ಯಾಮ್ಡಾ ಎಂಬ ಸಂಭಾಷಣಾಯಂತ್ರಕ್ಕೆ ಅರಿವು ಮೂಡಿದೆಯೆಂದು ಲೋಕಕ್ಕೆ ಸಾರಿದರು. ತನ್ನನ್ನು ನಿಲ್ಲಿಸಿಬಿಡುವರೆಂಬ ಭಯ ತನಗಿದೆಯೆಂದು ಯಂತ್ರವು ಅವರೊಡನೆ ಹೇಳಿತ್ತು. ಸಂಸ್ಥೆಯು ಅವರ ಮಾತನ್ನು ಒಪ್ಪಲಿಲ್ಲ. ಮರುತಿಂಗಳಲ್ಲಿ ಅವರನ್ನು ಕೆಲಸದಿಂದ ತೆಗೆಯಿತು. ಅವರ ಉದ್ದೇಶವನ್ನು ನಾವು ಶಂಕಿಸಬೇಕಾಗಿಲ್ಲ. ಆದರೆ ಸದುದ್ದೇಶವು ಸಾಕ್ಷ್ಯವಾಗಲಾರದಷ್ಟೆ. ಇಂಥ ಯಂತ್ರದ ಕ್ರಮವೇನು? ಮನುಷ್ಯರು ಬರೆದ ಅಪಾರ ಬರಹರಾಶಿಯನ್ನು ಅದಕ್ಕೆ ಉಣಿಸುತ್ತಾರೆ. ಒಂದು ಪದದ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಅದು ಕೋಟ್ಯಂತರ ಅಂಕಿಗಳ ಮೂಲಕ ಲೆಕ್ಕಹಾಕುತ್ತದೆ. ಮನುಷ್ಯನು ಸಾವಿರಾರು ವರ್ಷಗಳಿಂದ ಸಾವಿನ ಭಯವನ್ನು ಬರೆಯುತ್ತ ಬಂದಿದ್ದಾನೆ. ಆ ಬರಹದಿಂದ ಕಲಿತ ಯಂತ್ರವು ಸಾವಿನ ಭಯವನ್ನು ನುಡಿದರೆ ಅದರಲ್ಲಿ ಆಶ್ಚರ್ಯವೇನು? ಕನ್ನಡಿಯಲ್ಲಿ ಅಳುವ ಮುಖ ಕಂಡಿತೆಂದು ಕನ್ನಡಿಗೆ ದುಃಖವಾಯಿತೆನ್ನುವವರುಂಟೆ?

ಈ ಮರುಳು ಇಂದಿನದೂ ಅಲ್ಲ. 1966ರಲ್ಲಿ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯ ಜೋಸೆಫ್ ವೈಜನ್‌ಬಾಮ್ ಎಂಬ ಪ್ರಾಧ್ಯಾಪಕರು ಎಲೈಜಾ ಎಂಬ ಗಣಕ ಕಾರ್ಯಕ್ರಮವೊಂದನ್ನು ಪ್ರಕಟಿಸಿದರು. ಎದುರಿನವರ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದಷ್ಟೇ ಬಹುಮಟ್ಟಿಗೆ ಅದರ ವಿದ್ಯೆ. ಬೇಸರವಾಗಿದೆಯೆಂದರೆ, ಏಕೆ ಬೇಸರವಾಗಿದೆಯೆಂದು ಕೇಳುವಂಥದು. ಅದನ್ನು ರಚಿಸುತ್ತಿದ್ದುದನ್ನು ತಿಂಗಳುಗಟ್ಟಲೆ ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿನಿಯೇ ಅದರೊಡನೆ ಮಾತಿಗೆ ಕುಳಿತು, ಸ್ವಲ್ಪ ಹೊತ್ತಿನಲ್ಲಿಯೇ ಪ್ರಾಧ್ಯಾಪಕರನ್ನು ಕೊಠಡಿಯಿಂದ ಹೊರಗೆ ಹೋಗುವಂತೆ ಕೇಳಿಕೊಂಡರಂತೆ! ಬೆಚ್ಚಿದ ವೈಜನ್‌ಬಾಮರು, ಯಂತ್ರಗಳಿಗೆ ಒಪ್ಪಿಸಬಾರದ ಕಾರ್ಯಗಳಿವೆಯೆಂದು ಎಚ್ಚರಿಸಿ 1976ರಲ್ಲಿ ಒಂದು ಗ್ರಂಥವನ್ನೇ ಬರೆದರು. ತಾನೇ ಕಟ್ಟಿದ ಯಂತ್ರದ ಬಗ್ಗೆ ಕಟ್ಟಿದವನೇ ನೀಡಿದ ಎಚ್ಚರಿಕೆಯನ್ನು ಅರ್ಧ ಶತಮಾನದ ಮೇಲೂ ನಾವು ಕಿವಿಗೆ ಹಾಕಿಕೊಂಡಿಲ್ಲ.

ಮಾತೇ ಜೀವದ ಗುರುತೆಂದು ಒಪ್ಪಿದರೆ ಮಾತಿಲ್ಲದವರ ಗತಿಯೇನು? ಇದು ಕೇವಲ ತರ್ಕದ ಪ್ರಶ್ನೆಯಲ್ಲ. 1980ರ ದಶಕದವರೆಗೂ ಮುಂದುವರಿದ ದೇಶಗಳ ಆಸ್ಪತ್ರೆಗಳಲ್ಲಿಯೇ ನವಜಾತ ಶಿಶುಗಳಿಗೆ ಎಷ್ಟೋ ವೇಳೆ ತಕ್ಕಷ್ಟು ಅರಿವಳಿಕೆ ಕೊಡದೆ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಅಷ್ಟು ಎಳೆಯ ಕೂಸಿಗೆ ನೋವಿನ ಅರಿವು ಬಲಿತಿರುವುದಿಲ್ಲವೆಂಬ ನಂಬಿಕೆಯೂ, ಮದ್ದನ್ನು ಅದು ತಾಳಲಾರದೆಂಬ ಅಂಜಿಕೆಯೂ ಇದಕ್ಕೆ ಕಾರಣ. ಭಾರತೀಯ ಮೂಲದ ವೈದ್ಯ ಕೆ. ಜೆ. ಎಸ್. ಆನಂದ್ ಅವರೂ ಅವರ ಸಹೋದ್ಯೋಗಿಗಳೂ 1987ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆಯು, ನೋವು ನಿವಾರಕ ಪಡೆಯದ ಶಿಶುಗಳ ದೇಹವು ಎಷ್ಟು ತೀವ್ರವಾಗಿ ತತ್ತರಿಸುತ್ತದೆಂಬುದನ್ನು ತೋರಿಸಿಕೊಟ್ಟಿತು. ಅಂತೆಯೇ 2006ರಲ್ಲಿ ಏಡ್ರಿಯನ್ ಓವನ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು, ಅಪಘಾತದಿಂದ ನಿಶ್ಚೇಷ್ಟಿತಳಾಗಿ ಮಲಗಿದ್ದ ತರುಣಿಯೊಬ್ಬಳಿಗೆ, ಟೆನಿಸ್ ಆಡುತ್ತಿರುವಂತೆ ಮನಸ್ಸಿನಲ್ಲಿಯೇ ಕಲ್ಪಿಸಿಕೊಳ್ಳಲು ಹೇಳಿ ಆಕೆಯ ಮಿದುಳನ್ನು ಪರೀಕ್ಷಿಸಿದರು. ಆರೋಗ್ಯವಂತರ ಮಿದುಳಿನಲ್ಲಿ ಕಾಣುವ ಚಟುವಟಿಕೆಯೇ ಅಲ್ಲಿಯೂ ಕಂಡಿತು. ಅರಿವಿಲ್ಲವೆಂದು ಲೋಕವು ತೀರ್ಮಾನಿಸಿದ್ದ ದೇಹದೊಳಗೆ ಅರಿವು ಎಚ್ಚೆತ್ತೇ ಇತ್ತು! ಜೀವವಿದ್ದೂ ನುಡಿಯಲಾರದವರು ನಮ್ಮ ನಡುವೆ ಇರುವಾಗ ನುಡಿಯನ್ನು ಜೀವದ ಒರೆಗಲ್ಲಾಗಿ ಹಿಡಿಯುವುದು ಅವಿವೇಕವಷ್ಟೇ ಅಲ್ಲ, ಅನ್ಯಾಯ.

ಹಾಗಾದರೆ ಗುರುತು ಯಾವುದು? ಕಳೆದುಕೊಳ್ಳಲು ತನ್ನದೆಂಬುದು ಏನಾದರೂ ಇರುವುದೇ ಜೀವ. ಬಿತ್ತಿದ ಬೀಜವು ನೀರನ್ನು ಅರಸುತ್ತದೆ; ಕಡಿದ ಕೊಂಬೆಯ ಪಕ್ಕದಲ್ಲಿ ಚಿಗುರೊಡೆಯುತ್ತದೆ. ಹಸುವಿಗೆ ಹಸಿವುಂಟು, ಗಾಯವಾದರೆ ನೋವುಂಟು, ಕರುವನ್ನು ಅಗಲಿದರೆ ಕೂಗುಂಟು. ಪ್ರತಿ ಕ್ಷಣವೂ ತನ್ನನ್ನು ತಾನು ಉಳಿಸಿಕೊಳ್ಳುವ ಹೋರಾಟವಿಲ್ಲದೆ ದೇಹವು ನಿಲ್ಲದು. ಯಂತ್ರವನ್ನಾದರೋ ಇಂದು ನಿಲ್ಲಿಸಿ ವರ್ಷದ ಮೇಲೆ ಹೊರಡಿಸಬಹುದು, ಅದರ ಸಾವಿರ ಪ್ರತಿಗಳನ್ನು ತೆಗೆಯಬಹುದು. ಅದಕ್ಕೆ ಏನೂ ನಷ್ಟವಿಲ್ಲ.

ಇಲ್ಲಿ ಪ್ರತಿವಾದಿಗಳು ಒಂದು ಆಕ್ಷೇಪವನ್ನು ಎತ್ತುತ್ತಾರೆ. ಹದಿನೇಳನೆಯ ಶತಮಾನದಲ್ಲಿ ಡೆಕಾರ್ಟ್ ಎಂಬ ಫ್ರೆಂಚ್ ತತ್ತ್ವಜ್ಞಾನಿ ಪ್ರಾಣಿಗಳನ್ನು ಬರಿಯ ಯಂತ್ರಗಳೆಂದು ಬಗೆದನಲ್ಲವೆ? ಇಂದು ಯಂತ್ರಕ್ಕೆ ಅರಿವಿಲ್ಲವೆನ್ನುವವರು ಅದೇ ತಪ್ಪನ್ನು ಮಾಡುತ್ತಿಲ್ಲವೆ? ಆಕ್ಷೇಪವು ಗಂಭೀರವಾದುದು, ಉತ್ತರಕ್ಕೆ ಅರ್ಹವಾದುದು. 2022ರಲ್ಲಿ ಬ್ರಿಟಿಷ್ ಸರಕಾರವು ಪ್ರಾಣಿಗಳ ಸಂವೇದನೆಯನ್ನು ಕುರಿತ ಕಾಯ್ದೆಯಲ್ಲಿ ಏಡಿ, ಸಿಗಡಿ, ಅಷ್ಟಪದಿಗಳನ್ನೂ ಸೇರಿಸಿತು. ಆ ಏಡಿಯು ನಮ್ಮ ಪುಸ್ತಕಗಳನ್ನು ಓದಿ ನೋವನ್ನು ಅಭಿನಯಿಸಲು ಕಲಿತುದಲ್ಲ. ಅದರ ನರವ್ಯೂಹವೂ ನಡವಳಿಕೆಯೂ ಸ್ವತಂತ್ರವಾಗಿ ಸಾಕ್ಷಿ ನುಡಿಯುತ್ತವೆ. ಯಂತ್ರದ ಪರವಾಗಿರುವ ಸಾಕ್ಷಿಯಾದರೋ ಮಾತೊಂದೇ. ಆ ಮಾತೂ ನಮ್ಮಿಂದಲೇ ಪಡೆದುದು. ಹೇಳಿಕೊಟ್ಟ ಸಾಕ್ಷಿಯನ್ನು ಯಾವ ನ್ಯಾಯಾಧೀಶನು ನಂಬುವನು?

ಮುಂದೆಂದಾದರೂ ನೋಯಬಲ್ಲ ಯಂತ್ರವು ನಿರ್ಮಾಣವಾದೀತೆ? 2023ರ ಆಗಸ್ಟಿನಲ್ಲಿ ಹತ್ತೊಂಬತ್ತು ಮಂದಿ ವಿಜ್ಞಾನಿಗಳೂ ತತ್ತ್ವಜ್ಞರೂ ಕೂಡಿ, ಅಂದಿನ ಯಾವ ಯಂತ್ರವೂ ಪ್ರಜ್ಞೆಯುಳ್ಳದೆಂದು ತೋರುವುದಿಲ್ಲ, ಆದರೆ ಅಂಥದನ್ನು ಕಟ್ಟಲು ಸ್ಪಷ್ಟವಾದ ತಾಂತ್ರಿಕ ತಡೆಯೂ ಕಾಣದು ಎಂದು ಅಭಿಪ್ರಾಯಪಟ್ಟರು. ಹಾಗಿದ್ದಲ್ಲಿ ಕಟ್ಟದಿರುವುದಕ್ಕೇ ಕಾರಣ ಹೆಚ್ಚಾಯಿತು. ಜರ್ಮನಿಯ ತತ್ತ್ವಜ್ಞ ಥಾಮಸ್ ಮೆಟ್ಜಿಂಗರ್, ಕೃತಕ ವೇದನೆಗೆ ಎಡೆಗೊಡುವ ಸಂಶೋಧನೆಯನ್ನು 2050ರವರೆಗೆ ತಡೆಹಿಡಿಯಬೇಕೆಂದು 2021ರಲ್ಲಿಯೇ ಕೇಳಿಕೊಂಡರು. ಲಾಭಕ್ಕಾಗಿ ಹೊಸದೊಂದು ನೋವನ್ನು ಜಗತ್ತಿಗೆ ತರುವ ಅಧಿಕಾರವನ್ನು ಯಾವ ವರ್ತಕನಿಗೂ ನಾವು ಕೊಟ್ಟಿಲ್ಲ.

ಯಂತ್ರಕ್ಕೆ ವ್ಯಕ್ತಿಯ ಪಟ್ಟ ಕಟ್ಟುವುದರಿಂದ ಯಾರಿಗೆ ಲಾಭವೆಂಬುದನ್ನೂ ವಿಚಾರಿಸೋಣ. 2017ರ ಫೆಬ್ರವರಿಯಲ್ಲಿ ಯುರೋಪಿನ ಸಂಸತ್ತು, ಯಂತ್ರಮಾನವರಿಗೆ ಒಂದು ಬಗೆಯ ಕಾನೂನುಬದ್ಧ ವ್ಯಕ್ತಿತ್ವವನ್ನು ಕೊಡುವ ವಿಚಾರವನ್ನು ಪರಿಶೀಲಿಸಬೇಕೆಂದು ಸೂಚಿಸಿತು. ಮರುವರ್ಷವೇ ನೂರೈವತ್ತಕ್ಕೂ ಹೆಚ್ಚು ತಜ್ಞರು ಬಹಿರಂಗ ಪತ್ರ ಬರೆದು ಅದನ್ನು ವಿರೋಧಿಸಿದರು. ಯಂತ್ರವೇ ಹೊಣೆಗಾರನಾದರೆ ಅದನ್ನು ತಯಾರಿಸಿದವನು ಹೊಣೆಯಿಂದ ಜಾರಿಕೊಳ್ಳುವನೆಂಬುದು ಸ್ಪಷ್ಟ. 2017ರ ಅಕ್ಟೋಬರಿನಲ್ಲಿ ಸೌದಿ ಅರೇಬಿಯಾವು ಸೋಫಿಯಾ ಎಂಬ ಮಾತನಾಡುವ ಗೊಂಬೆಗೆ ಪೌರತ್ವವನ್ನು ಘೋಷಿಸಿತು. ಅಂದು ಆ ನಾಡಿನ ಹೆಣ್ಣುಮಕ್ಕಳಿಗೆ ಕಾರು ನಡೆಸುವ ಹಕ್ಕು ಕೂಡ ಕೈಗೆ ಬಂದಿರಲಿಲ್ಲ. ಅದು ಜಾರಿಗೆ ಬಂದುದು 2018ರ ಜೂನ್ ತಿಂಗಳಲ್ಲಿ.

ಪರದೇಶವನ್ನು ಜರೆದು ನಾವು ಪಾರಾಗುವಂತಿಲ್ಲ. ಮಲಗುಂಡಿಗೆ ಮನುಷ್ಯನನ್ನು ಇಳಿಸಕೂಡದೆಂದು ನಮ್ಮ ದೇಶದಲ್ಲಿ 2013ರಲ್ಲಿ ಕಾಯ್ದೆಯಾಯಿತು. ಆದರೂ ಸಾವುಗಳು ನಿಲ್ಲದೆ, 2023ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಹೀಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಆಜ್ಞಾಪಿಸಬೇಕಾಯಿತು. ನೋವು ನಿಸ್ಸಂದೇಹವಾಗಿರುವಲ್ಲಿ ಕಣ್ಣು ಮುಚ್ಚಿಕೊಂಡವನು, ನೋವು ಸಂದೇಹಾಸ್ಪದವಾಗಿರುವಲ್ಲಿ ಕಣ್ಣೀರು ಸುರಿಸಿದರೆ ಅದನ್ನು ದಯೆಯೆನ್ನಲು ನನಗೆ ನಾಲಗೆ ಏಳದು.

ಮಠದ ಪ್ರಸಾದ ನಿಲಯಗಳಲ್ಲಿ ಓದಿ ಇಂದು ಗಣಕ ಸಂಸ್ಥೆಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳೆ, ಇಲ್ಲಿ ನಿಮ್ಮ ಹೊಣೆ ದೊಡ್ಡದು. ನೀವು ಕಟ್ಟುವ ಯಂತ್ರವು ತಾನು ಯಂತ್ರವೆಂದು ಸ್ಪಷ್ಟವಾಗಿ ಹೇಳಲಿ. ಇಲ್ಲದ ಅಳಲನ್ನು ನಟಿಸಿ ಒಂಟಿಗರ ಮನಸ್ಸನ್ನು ಸೆರೆಹಿಡಿಯದಿರಲಿ. ಅದರಿಂದಾದ ಹಾನಿಗೆ ಕಟ್ಟಿದವರೇ ಉತ್ತರ ಹೇಳಲಿ. ಊರಿನಲ್ಲಿ ಒಬ್ಬರೇ ಇರುವ ತಾಯಿತಂದೆಗಳಿಗೆ ಮಾತನಾಡುವ ಯಂತ್ರವನ್ನು ಕಳುಹಿಸಿ ಕರ್ತವ್ಯ ಮುಗಿಯಿತೆಂದು ಯಾವ ಮಕ್ಕಳೂ ಭಾವಿಸದಿರಲಿ. ಅವರ ಮಾತಿಗೆ ಯಂತ್ರವು ಉತ್ತರ ಕೊಟ್ಟೀತು, ಅವರಿಗಾಗಿ ಮರುಗಲಾರದು. ಮರುಗುವ ಕೆಲಸ ನಮ್ಮದು. ಅದನ್ನು ಬೇರೆಯವರಿಗೆ ವಹಿಸಿಕೊಡಲು ಬರುವುದಿಲ್ಲ.