ಬಿಗಿಯ ಅಳತೆ

ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ತೋಕ್‌ಪೂ ಮುಡಿಸಿ, ಕೈಮುಗಿದು, ತೆಂಗಿನಕಾಯಿಗೆ ಗುರಿಯಿಡುವ ಕೊಡಗಿನಲ್ಲಿ, ರೈಫಲಿಗೆ ಸ್ಕೋಪ್ ಕೂರಿಸುವಾಗ ಮಾತ್ರ ಅದನ್ನು ಹಿಡಿದಿಡುವ ಬಳೆಗಳ ತಿರುಪನ್ನು ಮಣಿಕಟ್ಟಿನ ಅಂದಾಜಿಗೆ ಒಪ್ಪಿಸಿಬಿಡುವ ಔದಾಸೀನ್ಯವು ನನಗೆ ವಿಚಿತ್ರವಾಗಿ ತೋರುತ್ತದೆ. ಕೊಡ್ಲಿಪೇಟೆಯ ಮಿತ್ರರೊಬ್ಬರು ‘ಇನ್ನೊಂದು ಸುತ್ತು ಇರಲಿ’ ಎಂದು ಬಿಗಿದಿದ್ದ ಬಳೆಯನ್ನು ಬಿಚ್ಚಿದಾಗ, ಅಲ್ಯೂಮಿನಿಯಂ ಕೊಳವೆಯ ಮೇಲೆ ಉಗುರಿಗೆ ತಾಕುವಷ್ಟು ತಗ್ಗು ಬಿದ್ದಿತ್ತು. ತಯಾರಕರು ಬೇರೆ ಪ್ರಮಾಣವನ್ನು ವಿಧಿಸದಿದ್ದಲ್ಲಿ, ಮೇಲ್ಬಳೆಯ ತಿರುಪಿಗೆ ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡು, ಅಂದರೆ ಸುಮಾರು 2 ನ್ಯೂಟನ್-ಮೀಟರ್, ಸಾಕು. ಎಳೆಗೆ ಎಣ್ಣೆ ಸೋಕಿದ್ದರೆ ಘರ್ಷಣೆ ತಗ್ಗಿ, ಅದೇ ಅಂಕಿಯಲ್ಲೇ ಹಿಡಿತವು ಮಿತಿಮೀರುವುದರಿಂದ, ಮೊದಲು ಒರೆಸಿ, ಬಳಿಕ ಓರೆಯಾಗಿ ಎದುರುಬದುರಿನ ತಿರುಪುಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ, ಎರಡೂ ಬದಿಯ ಸಂದು ಸಮನಾಗಿರುವಂತೆ ನೋಡತಕ್ಕದ್ದು. ಮಿತ್ರರು ಈಗ ಟಾರ್ಕ್ ವ್ರೆಂಚ್ ಕೊಂಡಿದ್ದಾರೆ. ಎರವಲು ಕೇಳಿದರೆ ಮಾತ್ರ ಕೊಡರು.