ಕಪ್ಪೆಚಿಪ್ಪು ನಿರಾಯುಧ ಜೀವಿಯಲ್ಲ

ಕಪ್ಪೆಚಿಪ್ಪು, ಸಿಂಪಿಗಳಿಗೆ ಪ್ರತಿಕಾಯಗಳಿಲ್ಲ, ರೋಗ ತಗುಲಿದರೆ ಸಾಯುವುದೇ ಅವುಗಳ ಹಣೆಬರಹ, ಅದಕ್ಕೆ ನದಿಯ ನೀರನ್ನು ದೂರಬೇಡಿ ಎಂಬ ವಾದ ಅರ್ಧಸತ್ಯ, ಅದಕ್ಕೇ ಅಪಾಯಕಾರಿ. ಪ್ರತಿಕಾಯಗಳಿಲ್ಲ, ನಿಜ. ಆದರೆ ಅವುಗಳ ರಕ್ತಕಣಗಳು ಬ್ಯಾಕ್ಟೀರಿಯಾವನ್ನು ಸುತ್ತುವರಿದು ನುಂಗಿ ಜೀರ್ಣಿಸುತ್ತವೆ, ಗಾಯವನ್ನೂ ಮುಚ್ಚುತ್ತವೆ. ರೋಗಾಣುವಿನ ಕವಚ ಒಡೆಯುವ ಲೈಸೋಜೈಮ್ ಎಂಬ ಕಿಣ್ವ ಬೇರೆ ಇದೆ. 2012ರಲ್ಲಿ ಪ್ರಕಟವಾದ ಪೆಸಿಫಿಕ್ ಸಿಂಪಿಯ ಜೀನೋಮಿನಲ್ಲಿ ತಾಪ, ಒತ್ತಡ ತಾಳಲು ನೆರವಾಗುವ ಎಚ್‌ಎಸ್‌ಪಿ70 ವಂಶವಾಹಿಗಳೇ 88. ಮನುಷ್ಯನಲ್ಲಿ ಸುಮಾರು 17!

ಈ ರಕ್ಷಣೆ ಕುಸಿಯುವುದು ನೀರು ಕಾದು, ಆಮ್ಲಜನಕ ಇಳಿದು, ವಿಷ ಬೆರೆತಾಗ. ರುದ್ರಪಟ್ಟಣದಂಥ ಊರುಗಳ ಬಳಿ ಕಾವೇರಿಯ ಕೆಸರಿನಲ್ಲಿ ಬದುಕುವ ಕಪ್ಪೆಚಿಪ್ಪು ಆ ನೀರನ್ನೇ ಸೋಸಿ ಉಣ್ಣಬೇಕು, ಬೇರೆಡೆಗೆ ಓಡಲಾರದು. ಅವು ಗುಂಪಾಗಿ ಸತ್ತರೆ ಹಣೆಬರಹ ಎನ್ನಬೇಡಿ. ಮೊದಲು ನೀರನ್ನು ಪರೀಕ್ಷೆಗೆ ಕಳಿಸಿ.