ಮಗುವಿನ ಹುಟ್ಟುಹಬ್ಬಕ್ಕೆ ಏನು ಬಡಿಸುವುದು?

ಮನೆಯ ಮಗುವಿಗೆ ಮೂರು ವರ್ಷ ತುಂಬುತ್ತದೆಂದರೆ ಹಿರಿಯರ ಸಂಭ್ರಮಕ್ಕೆ ಮೇರೆಯೇ ಇರುವುದಿಲ್ಲ. ಹೊಸ ಅಂಗಿಯ ಬಣ್ಣ ಯಾವುದು, ಯಾರು ಯಾರನ್ನು ಕರೆಯಬೇಕು, ಬಲೂನುಗಳನ್ನು ಎಲ್ಲಿ ಕಟ್ಟಬೇಕು ಎನ್ನುವವರೆಗೆ ಮಾತು ಸಲೀಸಾಗಿ ಸಾಗುತ್ತದೆ. ಬಂದ ಮಕ್ಕಳಿಗೆ ಏನು ಬಡಿಸಬೇಕೆಂಬ ಪ್ರಶ್ನೆ ಎದ್ದೊಡನೆ ಒಂದೇ ಮನೆಯಲ್ಲಿ ನಾಲ್ಕು ಅಭಿಪ್ರಾಯಗಳು ತಲೆಯೆತ್ತುತ್ತವೆ. ಯಾರ ಹುಟ್ಟುಹಬ್ಬವೋ ಆ ಮಗುವಿನ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳುವುದಿಲ್ಲ!

ದಕ್ಷಿಣ ಕೊಡಗಿನ ತಿತಿಮತಿಯಂತಹ ಊರಿನಲ್ಲಿ ಈ ಪ್ರಶ್ನೆಗೆ ಇನ್ನೂ ಕೆಲವು ಮುಖಗಳಿವೆ. ಹುಣಸೂರಿನ ಕಡೆಯಿಂದ ಆನೆಚೌಕೂರಿನ ಕಾಡನ್ನು ದಾಟಿ ಗೋಣಿಕೊಪ್ಪಲಿಗೆ ಹೋಗುವ ರಸ್ತೆಯ ಮೇಲೆ ಈ ಊರಿದೆ. ಒಂದು ಮಗ್ಗುಲಿಗೆ ನಾಗರಹೊಳೆಯ ಅರಣ್ಯ, ಇನ್ನೊಂದು ಮಗ್ಗುಲಿಗೆ ಕಾಫಿಯ ತೋಟಗಳು. ಮತ್ತಿಗೋಡಿನ ಆನೆ ಶಿಬಿರವೂ ಸಮೀಪದಲ್ಲಿಯೇ. ಇಲ್ಲಿ ನೆರೆಯವರೆಂದರೆ ಒಂದೇ ಬಗೆಯ ಊಟ ಮಾಡುವವರಲ್ಲ. ಕೊಡವರ ಮನೆ, ಮಲಯಾಳ ಮಾತನಾಡುವ ಅಂಗಡಿಯವರ ಮನೆ, ಮುಸಲ್ಮಾನರ ಮನೆ, ಮೈಸೂರಿನ ಕಡೆಯಿಂದ ಬಂದ ಸಸ್ಯಾಹಾರಿ ಉಪಾಧ್ಯಾಯರ ಮನೆ, ತೋಟದ ಲೈನ್‌ಮನೆಗಳಲ್ಲಿರುವ ಯರವರ ಮತ್ತು ಜೇನುಕುರುಬರ ಸಂಸಾರಗಳು, ಇವೆಲ್ಲವೂ ಒಂದು ಕೂಗಳತೆಯಲ್ಲಿ ಇರಬಹುದು. ಮಕ್ಕಳಾದರೋ ಈ ಭೇದವೊಂದನ್ನೂ ಅರಿಯದೆ ಒಂದೇ ಅಂಗಳದಲ್ಲಿ ಆಡುತ್ತಿರುತ್ತಾರೆ.

ಅಂತಹ ಒಂದು ಕೊಡವ ಮನೆಯನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಮೇ ತಿಂಗಳು. ಬೆಂಗಳೂರಿನಿಂದ ನೆಂಟರ ಮಕ್ಕಳು ರಜೆಗೆ ಬಂದಿದ್ದಾರೆ. ಹುಟ್ಟುಹಬ್ಬದ ಮಗುವೂ ಸೇರಿ ಒಟ್ಟು ಹನ್ನೆರಡು ಮಕ್ಕಳು. ಮಗುವಿನ ತಂದೆಗೆ ಗೋಣಿಕೊಪ್ಪಲಿನ ಬೇಕರಿಯಿಂದ ಕೆಂಪು ಬಣ್ಣದ ದೊಡ್ಡ ಕೇಕು ಬರಬೇಕೆಂಬ ಆಸೆ. ಅಜ್ಜಿಗೆ ಕಡಂಬುಟ್ಟು, ಪಂದಿಕರಿ ಇಲ್ಲದ ಸಮಾರಂಭವೊಂದು ಸಮಾರಂಭವೇ ಅಲ್ಲ. ಬೆಂಗಳೂರಿನ ನೆಂಟರು ಐಸ್‌ಕ್ರೀಂ, ಆಲೂಗಡ್ಡೆಯ ಚಿಪ್ಸು ಇದ್ದರೆ ಮಕ್ಕಳು ತಕರಾರು ಮಾಡುವುದಿಲ್ಲವೆನ್ನುತ್ತಾರೆ. ತಾಯಿಯೊಬ್ಬಳೇ ಮೌನವಾಗಿದ್ದಾಳೆ.

ಅವಳ ಮೌನಕ್ಕೆ ಕಾರಣವಿದೆ. ಹಿಂದಿನ ವರ್ಷದ ಹುಟ್ಟುಹಬ್ಬ ಅವಳ ಕಣ್ಣಿನಿಂದ ಮರೆಯಾಗಿಲ್ಲ. ಅಂದು ಹಿರಿಯರಿಗೂ ಮಕ್ಕಳಿಗೂ ಒಂದೇ ಅಡಿಗೆ. ಅಂಗಡಿಯವರ ಹುಡುಗ ತಟ್ಟೆಯನ್ನು ಹಿಡಿದು, ಯಾವುದರಲ್ಲಿ ಏನಿದೆಯೋ ತಿಳಿಯದೆ, ಒಂದು ತುತ್ತನ್ನೂ ಮುಟ್ಟದೆ ಕುಳಿತಿದ್ದ. ಉಪಾಧ್ಯಾಯರ ಮಗಳು ಮೊಟ್ಟೆಯ ಕೇಕನ್ನು ಕೈಯಲ್ಲಿ ಹಿಡಿದು ತಾಯಿಯ ಮುಖವನ್ನು ನೋಡುತ್ತಿದ್ದಳು. ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸಿನ ಇಬ್ಬರು ಮಕ್ಕಳು ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದರು. ಅವರ ಸರದಿ ಬರುವ ಹೊತ್ತಿಗೆ ಕೇಕು ಮುಗಿದಿತ್ತು. ಮಾರನೆಯ ದಿನ ಎರಡು ಬಿಸ್ಕತ್ತಿನ ಪೊಟ್ಟಣಗಳನ್ನು ಲೈನ್‌ಮನೆಗೆ ಕಳುಹಿಸಿದ್ದೇನೋ ನಿಜ. ಆದರೆ ಹಿಂದಿನ ದಿನದ ನಗುವನ್ನು ಮರುದಿನದ ಬಿಸ್ಕತ್ತು ತರಬಲ್ಲುದೇ?

“ಮಾವಿ, ಈ ಸಲ ಬಂದ ಹನ್ನೆರಡು ಮಕ್ಕಳೂ ತಿನ್ನಬಹುದಾದ್ದನ್ನೇ ಮಾಡೋಣ,” ಎಂದು ಅವಳು ಕೊನೆಗೆ ಅತ್ತೆಯೊಡನೆ ಹೇಳಿದಳು.

“ಹನ್ನೆರಡು ಮನೆಯ ಬಾಯಿಗೆ ಒಂದೇ ಅಡಿಗೆ ಎಲ್ಲಾದರೂ ಉಂಟೇ?” ಎಂದು ಅತ್ತೆ ನಕ್ಕರು.

ಉಂಟು. ಅದನ್ನು ಹುಡುಕಲು ಮೂರು ವಿಷಯಗಳನ್ನು ಮೊದಲು ಯೋಚಿಸಬೇಕು: ಸಮಯ, ಮಕ್ಕಳ ವಯಸ್ಸು, ಪದಾರ್ಥ.

ಮೊದಲನೆಯದು ಸಮಯ. ಕಾಡಿನ ಅಂಚಿನ ಊರಿನಲ್ಲಿ ಕತ್ತಲಾದ ಮೇಲೆ ಪುಟ್ಟ ಮಕ್ಕಳನ್ನು ತೋಟದ ದಾರಿಯಲ್ಲಿ ಮನೆಗೆ ಕಳುಹಿಸುವುದು ವಿವೇಕವಲ್ಲ. ಆನೆಗಳು ತೋಟಕ್ಕಿಳಿಯುವ ಹೊತ್ತು ಅದು. ಅದರಲ್ಲಿಯೂ ಬೇಸಗೆಯ ಕೊನೆಯೆಂದರೆ ಹಲಸು ಹಣ್ಣಾಗುವ ಕಾಲ. ಆ ವಾಸನೆ ಆನೆಯನ್ನು ದೂರದಿಂದ ಕರೆಯುತ್ತದೆಂದು ಅನೇಕ ಬೆಳೆಗಾರರು ಕಾಯಿಗಳನ್ನು ಬಲಿಯುವ ಮುನ್ನವೇ ಕೊಯ್ದುಬಿಡುತ್ತಾರೆ. ಆದುದರಿಂದ ಸಮಾರಂಭ ಮಧ್ಯಾಹ್ನ ಮೂರು ಗಂಟೆಗೆ ಆರಂಭವಾಗಿ ಐದಕ್ಕೆ ಮುಗಿಯಬೇಕು. ಮಕ್ಕಳು ಮಧ್ಯಾಹ್ನದ ಊಟ ಮುಗಿಸಿ ಬಂದಿರುತ್ತಾರೆ. ಅವರಿಗೆ ಬೇಕಾದದ್ದು ಔತಣವಲ್ಲ, ಹಿತವಾದ ಉಪಾಹಾರ. ಈ ಒಂದು ಮಾತು ಸ್ಪಷ್ಟವಾದರೆ ಗೃಹಿಣಿಯ ಹೆಗಲಿನಿಂದ ಅರ್ಧ ಭಾರ ಇಳಿಯುತ್ತದೆ.

ಮೇ ತಿಂಗಳಲ್ಲಿ ಗುಡುಗು ಸಹಿತ ಮಳೆ ಬಂದು ವಿದ್ಯುತ್ತು ಹೋಗುವುದೂ ಹೊಸತೇನಲ್ಲ. ತಣ್ಣಗಿದ್ದರೆ ಮಾತ್ರ ಕೆಡದ ಕೆನೆಯ ಕೇಕು, ಐಸ್‌ಕ್ರೀಂಗಳನ್ನು ನೆಚ್ಚಿಕೊಂಡವರು ಅಂದು ಪೇಚಿಗೆ ಸಿಲುಕುತ್ತಾರೆ. ಹಾಲು, ಮೊಟ್ಟೆ, ಮಾಂಸ, ಹಸಿ ತೆಂಗಿನಕಾಯಿ ಇರುವ ಯಾವ ತಿನಿಸನ್ನೂ ಬೇಸಗೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗಿಟ್ಟು ಮಕ್ಕಳಿಗೆ ಕೊಡಲಾಗದು. ಹಬೆಯಿಂದ ಇಳಿಸಿ ಬೆಚ್ಚಗಿರುವಾಗಲೇ ಬಡಿಸುವ ತಿನಿಸು ಇಂತಹ ದಿನಕ್ಕೆ ಮೇಲು.

ಎರಡನೆಯದು ವಯಸ್ಸು. ನಾಲ್ಕು ವರ್ಷ ತುಂಬದ ಮಕ್ಕಳ ಕೈಗೆ ಇಡೀ ಕಡಲೆಕಾಯಿ, ಗೋಡಂಬಿ, ಗಟ್ಟಿಯಾದ ಪೆಪ್ಪರಮೆಂಟು, ಜೋಳದ ಅರಳು ಇವುಗಳನ್ನು ಕೊಡಬಾರದೆಂದು ಮಕ್ಕಳ ವೈದ್ಯರು ಎಚ್ಚರಿಸುತ್ತಾರೆ. ಓಡುತ್ತ, ನಗುತ್ತ ತಿನ್ನುವಾಗ ಅವು ಉಸಿರಿನ ದಾರಿಗೆ ಜಾರಿ ಪ್ರಾಣಕ್ಕೇ ಸಂಚಕಾರ ತರಬಹುದು. ದ್ರಾಕ್ಷಿಯನ್ನು ಕೊಡುವುದಾದರೆ ಉದ್ದಕ್ಕೆ ನಾಲ್ಕಾಗಿ ಸೀಳಿ ಕೊಡಬೇಕು. ಒಡೆದ ಬಲೂನಿನ ಚೂರುಗಳನ್ನು ಒಡನೆಯೇ ಆಯ್ದು ಎಸೆಯಬೇಕು. ಅವೂ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಕೊಡಗಿನ ಜೇನು ಹೆಸರುವಾಸಿಯಾದುದಾದರೂ ವರ್ಷ ತುಂಬದ ಕೂಸಿಗೆ ಒಂದು ತೊಟ್ಟನ್ನೂ ನೆಕ್ಕಿಸಬಾರದು. ಜೇನಿನಲ್ಲಿ ಇರಬಹುದಾದ ಒಂದು ಬಗೆಯ ರೋಗಾಣುವಿನ ಬೀಜಗಳು ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡುತ್ತವೆ. ಕಡಲೆಕಾಯಿ, ಹಾಲು, ಮೊಟ್ಟೆ ಕೆಲವು ಮಕ್ಕಳ ಮೈಗೆ ಒಗ್ಗುವುದಿಲ್ಲ. ಕರೆಯಲು ಹೋದಾಗಲೇ, “ನಿಮ್ಮ ಮಗುವಿಗೆ ಏನಾದರೂ ವರ್ಜ್ಯವೇ?” ಎಂದು ಕೇಳಿಬಿಡುವುದು ಒಳ್ಳೆಯದು. ಕೇಳುವುದರಲ್ಲಿ ಸಂಕೋಚವೇನೂ ಇಲ್ಲ. ಕೇಳಿಸಿಕೊಂಡ ತಾಯಿಗೆ ಅದು ಆದರವಾಗಿಯೇ ತೋರುತ್ತದೆ.

ಮೂರನೆಯದು ಪದಾರ್ಥ. ಕೆಂಪು ಕೇಕಿನ ವಿಷಯದಲ್ಲಿ ಒಂದು ಮಾತು. 2024ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರವು ಬೊಂಬಾಯಿ ಮಿಠಾಯಿಗೂ ಗೋಬಿ ಮಂಚೂರಿಗೂ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಇಲಾಖೆಯವರು ಕೇಕಿನ 235 ಮಾದರಿಗಳನ್ನು ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. 12ರಲ್ಲಿ ಕೃತಕ ಬಣ್ಣವು ಮಿತಿಮೀರಿತ್ತು. ಉಳಿದವು ನಿರಪಾಯವಾಗಿದ್ದವೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಎಲ್ಲ ಬೇಕರಿಗಳನ್ನೂ ದೂರಲು ಇದರಿಂದ ಕಾರಣ ಸಿಗುವುದಿಲ್ಲ. ಬಣ್ಣ ಎಷ್ಟು ಗಾಢವೋ ಕೇಕು ಅಷ್ಟು ಶ್ರೇಷ್ಠವೆಂಬ ಭ್ರಮೆಯನ್ನು ಬಿಡಲು ಮಾತ್ರ ಸಾಕಷ್ಟು ಕಾರಣವಿದೆ.

ಈ ಮೂರು ಜರಡಿಗಳಲ್ಲಿ ಶೋಧಿಸಿದ ಮೇಲೆ ಉಳಿಯುವುದೇನು? ಆಶ್ಚರ್ಯವೆಂದರೆ, ಅಜ್ಜಿಯ ಅಡಿಗೆಯೇ ಉಳಿಯುತ್ತದೆ! ಕೊಡಗಿನ ಪುಟ್ಟುಗಳಲ್ಲಿ ಅಕ್ಕಿ, ತೆಂಗು, ಬೆಲ್ಲ, ಹಣ್ಣು ಇವೇ ಮುಖ್ಯ. ಮೊಟ್ಟೆಯಿಲ್ಲ, ಮಾಂಸವಿಲ್ಲ, ಕಡಲೆಕಾಯಿಯಿಲ್ಲ. ಮೆತ್ತಗಿರುವುದರಿಂದ ಹಾಲುಹಲ್ಲಿನ ಬಾಯಿಗೂ ಹಿತ. ಯಾವ ಮನೆಯ ಮಗುವೂ ಶಂಕೆಯಿಲ್ಲದೆ ತಿನ್ನಬಹುದು.

ಕೇಕಿನ ಸ್ಥಾನಕ್ಕೆ ಪಾಪುಟ್ಟು ಒಪ್ಪುತ್ತದೆ. ಒಂದು ಲೋಟ ಅಕ್ಕಿತರಿಯನ್ನು ತೊಳೆದು, ಒಂದು ಲೋಟ ನೀರು, ಒಂದು ಲೋಟ ಹಾಲು, ಅರ್ಧ ಲೋಟ ತೆಂಗಿನ ತುರಿ, ಎರಡು ಚಮಚ ಸಕ್ಕರೆ, ಚಿಟಿಕೆ ಉಪ್ಪು, ಏಲಕ್ಕಿ ಪುಡಿ ಇವುಗಳೊಡನೆ ಬೆರೆಸಿ, ಅಂಚಿರುವ ತಟ್ಟೆಗೆ ಸುರಿದು ಇಪ್ಪತ್ತು ನಿಮಿಷ ಹಬೆಯಲ್ಲಿ ಬೇಯಿಸಬೇಕು. ಹಾಲು ಒಗ್ಗದ ಮಗುವಿದ್ದರೆ ಹಸುವಿನ ಹಾಲಿಗೆ ಬದಲು ತೆಂಗಿನ ಹಾಲು. ಆರಿದ ಮೇಲೆ ಬೆಳ್ಳಗೆ, ದುಂಡಗೆ, ಚಾಕುವಿನಿಂದ ಅಂದವಾಗಿ ಕತ್ತರಿಸಲು ಬರುವಂತಿರುತ್ತದೆ. ಇಂತಹ ಎರಡು ತಟ್ಟೆಗಳನ್ನು ಒಂದರ ಮೇಲೊಂದು ಕೂರಿಸಿ, ಮೇಲೆ ಮಾವಿನ ಹಣ್ಣಿನ ತೆಳು ಹೋಳುಗಳನ್ನು ಜೋಡಿಸಿ ಮೂರು ಮೇಣದ ಬತ್ತಿಗಳನ್ನು ನೆಟ್ಟರೆ ಇದು ಕೇಕಲ್ಲವೆಂದು ಯಾವ ಮಗು ತಾನೆ ವಾದಿಸೀತು?

ಜೊತೆಗೆ ಕೂವಲೆಪುಟ್ಟು. ಆನೆಗೆ ಸಿಗದಂತೆ ಕೊಯ್ದು ಮನೆಯೊಳಗೆ ಹಣ್ಣುಮಾಡಿದ ಹಲಸಿದ್ದರೆ ಅದರ ತೊಳೆಗಳನ್ನು, ಇಲ್ಲವಾದರೆ ಚೆನ್ನಾಗಿ ಕಳಿತ ಬಾಳೆಹಣ್ಣನ್ನು ಹಿಸುಕಿ, ಅಕ್ಕಿತರಿ, ಬೆಲ್ಲ, ತೆಂಗಿನ ತುರಿ, ಏಲಕ್ಕಿ ಬೆರೆಸಿ, ಎಲೆಯಲ್ಲಿ ಮಡಿಸಿ ಹಬೆಯಲ್ಲಿಡುವುದು. ಕೂವಲೆಯ ಎಲೆ ಸಿಗದಿದ್ದರೆ ಬಾಳೆಯೆಲೆ ಸಾಕು. ಎಲೆಯ ಪೊಟ್ಟಣವನ್ನು ತಾವೇ ಬಿಚ್ಚುವುದರಲ್ಲಿ ಮಕ್ಕಳಿಗೊಂದು ಆಟವೂ ದೊರೆಯುತ್ತದೆ. ಹಣ್ಣಿನ ಸಿಹಿಯೇ ಸಾಕಷ್ಟಿರುವುದರಿಂದ ಬೆಲ್ಲವನ್ನು ಕೈಬಿಗಿ ಹಿಡಿದೇ ಹಾಕಬಹುದು.

ಸಿಹಿಯ ನಡುವೆ ನಾಲಿಗೆಗೆ ಬದಲಾವಣೆ ಬೇಕಲ್ಲವೇ? ಅದಕ್ಕೆ ನೂಪುಟ್ಟು. ಎಳೆಯೆಳೆಯಾದ ಈ ಶಾವಿಗೆಯನ್ನು ನಿಂಬೆಯ ಒಗ್ಗರಣೆಯಲ್ಲಿ, ಹಸಿಮೆಣಸಿಲ್ಲದೆ, ಕಲಸಿಡಬಹುದು. ಕುಡಿಯಲು ನೀರು, ತೆಳುವಾದ ಮಜ್ಜಿಗೆ. ಇಷ್ಟೇ! ಮೂರು ತಿನಿಸು, ಎರಡು ಪಾನೀಯ. ಮಕ್ಕಳ ಹೊಟ್ಟೆ ಅವರ ಮುಷ್ಟಿಯಷ್ಟೇ ಎಂಬುದನ್ನು ಮರೆತು ಏಳೆಂಟು ಬಗೆಗಳನ್ನು ಬಡಿಸಿದರೆ ಅರ್ಧ ತಿಪ್ಪೆಯ ಪಾಲಾಗುತ್ತದೆ. ಹನ್ನೆರಡು ಮಕ್ಕಳಿಗೆ ಎರಡು ತಟ್ಟೆ ಪಾಪುಟ್ಟು, ಹದಿನೆಂಟು ಕೂವಲೆಪುಟ್ಟು, ಒಂದು ದೊಡ್ಡ ಬೋಗುಣಿ ನೂಪುಟ್ಟು ಧಾರಾಳವಾಗಿ ಸಾಲುತ್ತವೆ.

ಹಾಗಾದರೆ ಪಂದಿಕರಿ? ಅಜ್ಜಿಯ ಮಾತನ್ನು ತಳ್ಳಿಹಾಕುವುದೂ ಸರಿಯಲ್ಲ. ಕಾಚಂಪುಳಿ ಹಾಕಿ ಕಪ್ಪಗೆ ಕುದಿಸಿದ ಪಂದಿಕರಿ, ದುಂಡನೆಯ ಕಡಂಬುಟ್ಟು, ಇವು ಆ ಮನೆಯ ಸತ್ಕಾರದ ಗುರುತು. ಮಕ್ಕಳು ಮನೆಗಳಿಗೆ ತೆರಳಿದ ಮೇಲೆ, ರಾತ್ರಿ ಉಳಿಯುವ ನೆಂಟರಿಗೆ ಅದು ಬೇರೆ ಒಲೆಯ ಮೇಲೆ, ಬೇರೆ ಪಾತ್ರೆಯಲ್ಲಿ ಸಿದ್ಧವಾಗಲಿ. ಮಧ್ಯಾಹ್ನದ ಸಂಭ್ರಮ ಮಕ್ಕಳದು. ರಾತ್ರಿಯ ಊಟ ಹಿರಿಯರದು. ಒಂದೇ ದಿನದಲ್ಲಿ ಎರಡಕ್ಕೂ ಅವಕಾಶವಿದೆ. ಈ ಏರ್ಪಾಡನ್ನು ಕೇಳಿದಾಗ ಅತ್ತೆಯ ಮುಖದಲ್ಲಿದ್ದ ಬಿಗುವು ಸಡಿಲವಾಯಿತು. ಅಷ್ಟೇ ಅಲ್ಲ, ಪಾಪುಟ್ಟಿನ ಹದವನ್ನು ತಾವೇ ನೋಡುವುದಾಗಿಯೂ ಒಪ್ಪಿಕೊಂಡರು.

ಕೊನೆಯದಾಗಿ, ಏನು ಬಡಿಸಬೇಕೆಂಬುದರಷ್ಟೇ ಮುಖ್ಯವಾದುದು ಎಲ್ಲಿ ಬಡಿಸಬೇಕೆಂಬುದು. ಜಗಲಿಯಲ್ಲಿ ಉದ್ದನೆಯ ಚಾಪೆಯೊಂದನ್ನು ಹಾಸಿ, ಹನ್ನೆರಡು ಬಾಳೆಯೆಲೆಗಳನ್ನು ಸಾಲಾಗಿ ಇಡಲಿ. ಎಲ್ಲ ಎಲೆಗಳೂ ಒಂದೇ ಅಳತೆಯವಾಗಿರಲಿ. ಅಡಿಗೆಮನೆಯಲ್ಲಿ ದುಡಿಯುವವಳ ಮಕ್ಕಳ ಎಲೆ ಹಿತ್ತಿಲ ಬಾಗಿಲಲ್ಲಿರದೆ ಅದೇ ಸಾಲಿನ ನಡುವೆ ಇರಲಿ. ಮಗುವಿಗೆ ಮೂರನೆಯ ವರ್ಷದಲ್ಲಿ ಮನೆಯವರು ಕೊಡಬಹುದಾದ ಉಡುಗೊರೆಗಳಲ್ಲಿ ಇದಕ್ಕಿಂತ ಹೆಚ್ಚು ಕಾಲ ಬಾಳುವ ಉಡುಗೊರೆ ಮತ್ತೊಂದಿಲ್ಲ.

ಎಲ್ಲವೂ ತೀರ್ಮಾನವಾದ ಮೇಲೆ ತಾಯಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, “ನಿನ್ನ ಹುಟ್ಟುಹಬ್ಬಕ್ಕೆ ನಿನಗೇನು ಬೇಕು, ಪುಟ್ಟೀ?” ಎಂದು ಕೇಳಿದಳು. ಮಗು ಬಹಳ ಹೊತ್ತು ಯೋಚಿಸಿತು. ಕೇಕಿನ ಹೆಸರನ್ನು ಎತ್ತಲಿಲ್ಲ, ಪುಟ್ಟಿನ ಹೆಸರನ್ನೂ ಎತ್ತಲಿಲ್ಲ. ಲೈನ್‌ಮನೆಯ ಕಡೆಗೆ ಬೆರಳು ತೋರಿಸಿ, ದಿನವೂ ತನ್ನೊಡನೆ ಮಣ್ಣಿನಲ್ಲಿ ಆಡುವ ಗೆಳತಿಯ ಹೆಸರನ್ನು ಹೇಳಿತು.